ಆಕ್ಯುಪೇಷನಲ್ ಥೆರಪಿ ಓದಬೇಕಾ? ಪಿಯುಸಿ ವಿದ್ಯಾರ್ಥಿಗಳು, ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಫಲಿತಾಂಶ ಬಂದ ವಾರದಿಂದಲೇ ಈ ಪ್ರಶ್ನೆಗಳು ಶುರುವಾಗುತ್ತವೆ. ಎಂಬಿಬಿಎಸ್ ಸೀಟು ಸಿಗಲ್ಲ, ಇನ್ನೇನಿದೆ ನೋಡೋಣ ಎಂದು ಕೇಳುವವರು ಕೆಲವರು. ಮನೆಯಲ್ಲೇ ಥೆರಪಿಗೆ ಹೋಗುವ ತಮ್ಮನೋ ಅಜ್ಜಿಯೋ ಇದ್ದು, ಈ ಕೆಲಸವನ್ನು ಹತ್ತಿರದಿಂದ ಕಂಡು ಕೇಳುವವರು ಇನ್ನು ಕೆಲವರು. ಇಬ್ಬರಿಗೂ ಉಪಯೋಗವಾಗಲಿ ಎಂದು ಉತ್ತರಗಳನ್ನು ಒಂದೇ ಕಡೆ ಬರೆದಿದ್ದೇವೆ.

ಆಕ್ಯುಪೇಷನಲ್ ಥೆರಪಿಸ್ಟ್ ಅಂದ್ರೆ ಏನು ಕೆಲಸ?

ಕಾಯಿಲೆ, ಅಪಘಾತ, ಹುಟ್ಟಿನಿಂದ ಬಂದ ತೊಂದರೆ, ಮನಸ್ಸಿನ ಕಾಯಿಲೆ, ಇಲ್ಲವೇ ವಯಸ್ಸು. ಯಾವುದೇ ಕಾರಣಕ್ಕೆ ದಿನನಿತ್ಯದ ಕೆಲಸ ಮಾಡಲಾಗದವರಿಗೆ ಅದನ್ನು ಮತ್ತೆ ಮಾಡುವ ದಾರಿ ಹುಡುಕಿಕೊಡುವುದು ಇವರ ಕೆಲಸ. ಸ್ನಾನ, ಊಟ, ಬಟ್ಟೆ, ಅಡುಗೆ, ಶಾಲೆ, ಅಂಗಡಿ ವ್ಯಾಪಾರ, ಮಕ್ಕಳ ಆಟ ಎಲ್ಲವೂ ಇದರಲ್ಲಿ ಬರುತ್ತವೆ.

ಒಂದು ಉದಾಹರಣೆ ನೋಡೋಣ. ಹೋಟೆಲಿನಲ್ಲಿ ಅಡುಗೆ ಮಾಡುವವರೊಬ್ಬರಿಗೆ ಸ್ಟ್ರೋಕ್ ಆಗಿ ಬಲಗೈ ಸೋತಿದೆ ಎಂದುಕೊಳ್ಳಿ. ಅವರು ಬೆಳಗ್ಗೆ ಎದ್ದು ಅಂಗಿ ಹಾಕಿಕೊಳ್ಳಬೇಕು. ಮಂಚದ ಅಂಚಿನಲ್ಲಿ ಗಟ್ಟಿಯಾಗಿ ಕೂತು, ಅಂಗಿಯನ್ನು ತೊಡೆಯ ಮೇಲೆ ಹರಡಿಕೊಳ್ಳಬೇಕು. ಸೋತ ಕೈಯನ್ನು ಮೊದಲು ತೋಳಿಗೆ ತೂರಿಸಿ, ಮೊಣಕೈ ದಾಟಿಸಿ ಭುಜದವರೆಗೆ ಎಳೆದುಕೊಳ್ಳಬೇಕು. ಆಮೇಲೆ ಬೆನ್ನ ಹಿಂದಿನಿಂದ ಅಂಗಿ ತಂದು ಒಳ್ಳೆಯ ಕೈ ಹಾಕಬೇಕು. ಬಿಚ್ಚುವಾಗ ಇದು ಉಲ್ಟಾ, ಒಳ್ಳೆಯ ಕೈ ಮೊದಲು. ಮನೆಯವರು ಸಾಮಾನ್ಯವಾಗಿ ಒಳ್ಳೆಯ ಕೈಯಿಂದಲೇ ಶುರು ಮಾಡುತ್ತಾರೆ, ಅರ್ಧಕ್ಕೆ ಸಿಕ್ಕಿಹಾಕಿಕೊಂಡು ಕೊನೆಗೆ ತಾವೇ ಹಾಕಿಬಿಡುತ್ತಾರೆ. ಒಂದು ತಿಂಗಳು ಹೀಗೇ ನಡೆದರೆ ಆ ಮನುಷ್ಯ ಅಂಗಿ ಹಾಕಿಕೊಳ್ಳುವ ಪ್ರಯತ್ನವನ್ನೇ ಬಿಡುತ್ತಾನೆ.

ಊಟದ್ದು ಇನ್ನೂ ಸೂಕ್ಷ್ಮ. ಎಡಗೈಯಲ್ಲಿ ಉಣ್ಣಿ ಎಂದು ಹೇಳುವುದು ಸುಲಭ. ಆದರೆ ಎಡಗೈಯಲ್ಲಿ ಅನ್ನ ಮುಟ್ಟಲು ಒಪ್ಪದವರು ನಮ್ಮಲ್ಲಿ ಎಷ್ಟು ಜನ! ಅವರಲ್ಲೇ ಕೆಲವರು ಎಡಗೈಯಲ್ಲಿ ಚಮಚ ಹಿಡಿಯಲು ಒಪ್ಪುತ್ತಾರೆ. ಸೋತ ಬಲಗೈ ತಟ್ಟೆಯ ಅಂಚು ಹಿಡಿದು ಕೂತಿರಲಿ ಎಂದರೆ ಅದಕ್ಕೂ ಒಪ್ಪುತ್ತಾರೆ, ಆ ಕೈಗೂ ಒಂದು ಕೆಲಸ ಸಿಗುತ್ತದೆ. ತಟ್ಟೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ, ಅನ್ನ ಚೆಲ್ಲದಂತೆ ಅಂಚು ಎತ್ತರವಿರುವ ತಟ್ಟೆ. ಇಂಥವನ್ನು ರೋಗಿಯ ಜೊತೆ ಕೂತು ಮಾತಾಡಿ, ಮಾಡಿ ನೋಡಿ, ತಿದ್ದುವುದೇ ಚಿಕಿತ್ಸೆ.

ಹಾಗಾದ್ರೆ ಫಿಸಿಯೋಥೆರಪಿಗೂ ಇದಕ್ಕೂ ಏನು ವ್ಯತ್ಯಾಸ?

ಫಿಸಿಯೋಥೆರಪಿಸ್ಟ್‌ಗಳ ಗಮನ ಜಾಸ್ತಿ ಚಲನೆಯ ಮೇಲೆ: ನೋವು, ಸ್ನಾಯುಬಲ, ಕೀಲು, ನಡಿಗೆ. ಆಕ್ಯುಪೇಷನಲ್ ಥೆರಪಿಸ್ಟ್ ಆ ಚಲನೆಯಿಂದ ಮನುಷ್ಯ ಏನು ಮಾಡಬೇಕಾಗಿದೆ ಎಂದು ನೋಡುತ್ತಾರೆ. ಬೇಕಾದರೆ ಮನೆ, ಉಪಕರಣ, ಕೆಲಸ ಮಾಡುವ ಕ್ರಮ ಇವನ್ನೂ ಬದಲಾಯಿಸುತ್ತಾರೆ. ಮನೋರೋಗಿಗಳ ಪುನರ್ವಸತಿ ಇವರ ಓದಿನಲ್ಲಿ ದೊಡ್ಡ ಭಾಗ.

ಇಷ್ಟು ಹೇಳಿದ ಮೇಲೂ, ವಾರ್ಡಿನಲ್ಲಿ ಇಬ್ಬರ ಕೆಲಸ ಒಂದರ ಮೇಲೊಂದು ಬರುತ್ತದೆ. ಎಷ್ಟೋ ಆಸ್ಪತ್ರೆಗಳಲ್ಲಿ ನಿಮ್ಮನ್ನು ಫಿಸಿಯೋ ಎಂದೇ ಕರೆಯುತ್ತಾರೆ. ಅದಕ್ಕೆ ಬೇಜಾರು ಮಾಡಿಕೊಳ್ಳುವವರಾದರೆ ಈಗಲೇ ಯೋಚಿಸಿ, ಏಕೆಂದರೆ ಅದು ನಿವೃತ್ತಿಯವರೆಗೂ ನಿಲ್ಲುವುದಿಲ್ಲ. ಮಾತು, ನುಂಗುವಿಕೆಯ ತೊಂದರೆ ನೋಡುವ ಸ್ಪೀಚ್ ಥೆರಪಿ ಮತ್ತೊಂದೇ ಡಿಗ್ರಿ. ಅದಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹೆಸರುವಾಸಿ.

ಬಿಎಸ್‌ಸಿ ಓಟಿ ಅಂತ ಕಾಲೇಜು ಜಾಹೀರಾತು ನೋಡಿದೆವು. ಅದೂ ಇದೂ ಒಂದೇನಾ?

ಅಲ್ಲ. ಅದು ಆಪರೇಷನ್ ಥಿಯೇಟರ್ ಟೆಕ್ನಾಲಜಿ, ಅರಿವಳಿಕೆ ಮತ್ತು ಶಸ್ತ್ರಚಿಕಿತ್ಸೆ ಕೋಣೆಯ ತಂತ್ರಜ್ಞರ ಕೋರ್ಸು. ನಿಮಗೆ ಬೇಕಾದದ್ದು ಬಿಒಟಿ, ಅಂದರೆ ಬ್ಯಾಚುಲರ್ ಆಫ್ ಆಕ್ಯುಪೇಷನಲ್ ಥೆರಪಿ. ಫೀಸು ಕಟ್ಟುವ ಮುಂಚೆ ಪ್ರವೇಶ ಪತ್ರದಲ್ಲಿ ಪೂರ್ತಿ ಹೆಸರು ಓದಿ.

ಇದು ಹೊಸ ಕೋರ್ಸಾ? ನಮ್ಮ ಊರಲ್ಲಿ ಯಾರೂ ಕೇಳೇ ಇಲ್ಲ.

ಕೇಳಿದವರು ಕಡಿಮೆ, ಕೋರ್ಸು ಹಳೆಯದು. ಅಮೆರಿಕದಲ್ಲಿ ಹುಟ್ಟಿ ಇಲ್ಲಿಗೆ ಸೊಸೆಯಾಗಿ ಬಂದ ಕಮಲಾ ನಿಂಬ್ಕರ್ 1950ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ದೇಶದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆ ಶುರು ಮಾಡಿದರು. ಅಖಿಲ ಭಾರತ ಆಕ್ಯುಪೇಷನಲ್ ಥೆರಪಿಸ್ಟ್‌ಗಳ ಸಂಘ 1952ರದ್ದು. ಅದೇ ವರ್ಷ ಹುಟ್ಟಿದ ಈ ವೃತ್ತಿಯವರ ವಿಶ್ವ ಒಕ್ಕೂಟದ ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದು.

ಆ ಕಾಲದ ದೊಡ್ಡ ಕೆಲಸ ಪೋಲಿಯೋ ಮತ್ತು ಕುಷ್ಠ. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಕುಷ್ಠದಿಂದ ಮುರುಟಿದ ಕೈಗಳಿಗೆ ಸ್ನಾಯುರಜ್ಜು ವರ್ಗಾಯಿಸುವ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಬೇರೆ ಕೆಲಸಕ್ಕಿದ್ದ ಸ್ನಾಯು ಆಪರೇಷನ್ ಆದ ಮೇಲೆ ಹೊಸ ಕೆಲಸ ಕಲಿಯಬೇಕು. ಅದು ತಾನಾಗಿ ಆಗುವುದಿಲ್ಲ. ವಾರಗಟ್ಟಲೆ ಕೈಗೆ ಅಭ್ಯಾಸ ಮಾಡಿಸುವವರು ಬೇಕು. ಥೆರಪಿಸ್ಟ್‌ಗಳ ಬೆಲೆ ಸರ್ಜನ್‌ಗಳಿಗೆ ಗೊತ್ತಾದದ್ದು ಇಂಥ ಕಡೆಗಳಲ್ಲೇ.

ಎಷ್ಟು ವರ್ಷ? ಏನು ಓದಿರಬೇಕು? ನೀಟ್ ಬೇಕಾ?

ಇಲ್ಲಿಯವರೆಗೆ ನಡೆದುಬಂದ ಕ್ರಮ ನಾಲ್ಕು ವರ್ಷ ಪಾಠ, ಆರು ತಿಂಗಳು ಇಂಟರ್ನ್‌ಶಿಪ್, ಒಟ್ಟು ನಾಲ್ಕೂವರೆ ವರ್ಷ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿರಬೇಕು. ಸಾಮಾನ್ಯವಾಗಿ 50% ಅಂಕ ಕೇಳುತ್ತಾರೆ, ಮೀಸಲಾತಿ ಇರುವವರಿಗೆ ಸ್ವಲ್ಪ ಕಡಿಮೆ.

2021ರಲ್ಲಿ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ಅದರ ಕೆಳಗೆ ಪಠ್ಯಕ್ರಮ, ಅವಧಿ, ಪ್ರವೇಶ ಎಲ್ಲವೂ ಹೊಸ ರೂಪ ಪಡೆಯುತ್ತಿವೆ. ಹಾಗಾಗಿ ಹೋದ ವರ್ಷ ಸೇರಿದ ಅಕ್ಕನ ಮಾತು ನಂಬಿ ಕೂರಬೇಡಿ, ನೀವು ಸೇರುವ ವರ್ಷದ ಅಧಿಸೂಚನೆ ಓದಿ. ನೀಟ್ ಬಗ್ಗೆ ನಮ್ಮ ಸಲಹೆ ಸರಳ: ಪಿಸಿಬಿ ಓದುತ್ತಿದ್ದರೆ ಬರೆದಿಟ್ಟುಕೊಳ್ಳಿ. ಬೇಡವಾದರೆ ನಷ್ಟವಿಲ್ಲ, ಬೇಕಾದರೆ ಒಂದು ವರ್ಷ ಉಳಿಯುತ್ತದೆ.

ಗಣಿತ ಬೇಕಾ?

ಬೇಡ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಸ್ವಲ್ಪ ಸಂಖ್ಯಾಶಾಸ್ತ್ರ ಬರುತ್ತದೆ, ಅಷ್ಟೇ.

ಕರ್ನಾಟಕದಲ್ಲಿ ಎಲ್ಲಿ ಓದಬಹುದು? ಹೊರಗೆ?

ಫಿಸಿಯೋ ಕಾಲೇಜುಗಳು ಊರೂರಲ್ಲೂ ಇವೆ, ಬಿಒಟಿ ಇರುವವು ಕಡಿಮೆ. ಹಳೆಯದೂ ಹೆಸರುವಾಸಿಯೂ ಆದದ್ದು ಮಣಿಪಾಲ. ಅಲ್ಲಿ ಬಿಒಟಿ, ಅದರ ಮುಂದಿನ ಮಾಸ್ಟರ್ಸ್ ಆದ ಎಂಒಟಿ ಎರಡೂ ಇವೆ. ಫೀಸು ಖಾಸಗಿ ವಿಶ್ವವಿದ್ಯಾಲಯದ ಲೆಕ್ಕದಲ್ಲೇ ಇರುತ್ತದೆ.

ಹೊರಗೆ ಹೋಗಲು ಮನಸ್ಸಿದ್ದರೆ ಆಯ್ಕೆ ಜಾಸ್ತಿ. ತಮಿಳುನಾಡಿನಲ್ಲಿ ವೆಲ್ಲೂರಿನ ಸಿಎಂಸಿ, ಚೆನ್ನೈ ಪಕ್ಕದ ಎಸ್‌ಆರ್‌ಎಂ ಇವೆ. ಮುಂಬೈನಲ್ಲಿ ಕೆಇಎಂ, ಸಯಾನ್, ನಾಯರ್ ಆಸ್ಪತ್ರೆಗಳಿಗೆ ಸೇರಿದ ಶಾಲೆಗಳಿವೆ. ಕೇಂದ್ರ ಸರ್ಕಾರದ ಸಂಸ್ಥೆಗಳನ್ನು ನಮ್ಮ ಮಕ್ಕಳು ಯಾಕೋ ನೋಡುವುದೇ ಇಲ್ಲ: ಒಡಿಶಾದ ಕಟಕ್ ಬಳಿ ಓಲತ್‌ಪುರದ ಸ್ವಾಮಿ ವಿವೇಕಾನಂದ ಪುನರ್ವಸತಿ ಸಂಸ್ಥೆ, ಕೋಲ್ಕತ್ತದ ರಾಷ್ಟ್ರೀಯ ಚಲನ ಅಂಗವೈಕಲ್ಯ ಸಂಸ್ಥೆ, ದೆಹಲಿಯ ದೀನದಯಾಳ್ ಉಪಾಧ್ಯಾಯ ಸಂಸ್ಥೆ. ಇವುಗಳಿಗೆ ಒಂದೇ ಸಾಮಾನ್ಯ ಪ್ರವೇಶ ಪರೀಕ್ಷೆ ನಡೆಯುತ್ತಾ ಬಂದಿದೆ. ಫೀಸು ಖಾಸಗಿಗಿಂತ ತುಂಬಾ ಕಡಿಮೆ, ರೋಗಿಗಳು ತುಂಬಾ ಜಾಸ್ತಿ. ಓದುವವರಿಗೆ ಎರಡೂ ಲಾಭವೇ.

ಕಾಲೇಜು ನೋಡಲು ಹೋದಾಗ ಏನು ಕೇಳಬೇಕು?

ಕಟ್ಟಡ, ಹಾಸ್ಟೆಲ್, ಬಸ್ಸು ಎಲ್ಲ ಆಮೇಲೆ. ಮೊದಲು ಕೇಳಬೇಕಾದದ್ದು, ಆಸ್ಪತ್ರೆ ಕಾಲೇಜಿನದ್ದೇನಾ? ಅಲ್ಲಿ ಆಕ್ಯುಪೇಷನಲ್ ಥೆರಪಿಯ ಒಪಿಡಿ ಬೇರೆಯಾಗಿ ಇದೆಯಾ? ಒಂದು ಬೆಳಗ್ಗೆ ಅಲ್ಲಿ ಹೋಗಿ ಕೂತು ನೋಡಲು ಬಿಡುತ್ತಾರಾ?

ವಿಶ್ವ ಒಕ್ಕೂಟದ ಕನಿಷ್ಠ ಮಾನದಂಡದ ಪ್ರಕಾರ ವಿದ್ಯಾರ್ಥಿ 1000 ಗಂಟೆ ಕ್ಲಿನಿಕಲ್ ತರಬೇತಿ ಪಡೆಯಬೇಕು. ಕಾಗದದ ಮೇಲೆ ಎಲ್ಲರೂ ಪಡೆಯುತ್ತಾರೆ. ಆ ಗಂಟೆಗಳಲ್ಲಿ ನಿಮ್ಮ ಕೈಗೆ ರೋಗಿಯನ್ನು ಕೊಡುತ್ತಾರಾ, ಗೋಡೆಗೆ ಒರಗಿ ನೋಡುತ್ತಾ ನಿಲ್ಲಿಸುತ್ತಾರಾ ಎಂಬುದನ್ನು ಮೂರನೇ ವರ್ಷದ ವಿದ್ಯಾರ್ಥಿಗಳನ್ನು ಕೇಳಿ. ಪ್ರಾಂಶುಪಾಲರನ್ನಲ್ಲ. ಮನೋವೈದ್ಯ ವಿಭಾಗದಲ್ಲಿ ಎಷ್ಟು ವಾರ ಕಳುಹಿಸುತ್ತಾರೆ, ಪಾಠ ಮಾಡುವವರಲ್ಲಿ ಎಂಒಟಿ ಮಾಡಿದವರು ಎಷ್ಟು ಜನ, ಇದನ್ನೂ ಕೇಳಿ. ಪಾಠ ಮಾಡುವವರೆಲ್ಲ ಬೇರೆ ವಿಷಯದವರಾದರೆ ಅಲ್ಲಿಂದ ಎದ್ದು ಬನ್ನಿ.

ವಿದೇಶದ ಆಸೆ ಇದ್ದರೆ ಕೋರ್ಸಿಗೆ ವಿಶ್ವ ಒಕ್ಕೂಟದ ಮಾನ್ಯತೆ ಇದೆಯಾ ಎಂದು ಒಕ್ಕೂಟದ ಪಟ್ಟಿಯಲ್ಲೇ ನೋಡಿಕೊಳ್ಳಿ. ಇದನ್ನು ಆಮೇಲೆ ಸರಿ ಮಾಡಲಾಗದು.

ಏನೇನು ಕಲಿಸುತ್ತಾರೆ? ಕಷ್ಟವಾ?

ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ. ಇದೇ ದೊಡ್ಡ ಬೆಟ್ಟ. ಫೇಲಾಗುವವರು ಜಾಸ್ತಿ ಇಲ್ಲೇ ಆಗುತ್ತಾರೆ. ಅದರಲ್ಲೂ ಕೈಯ ಅನಾಟಮಿಯನ್ನು ಬಾಯಿಪಾಠ ಮಾಡಿ ಬಿಡಬೇಡಿ, ನಾಲ್ಕೂ ವರ್ಷ ಅದು ನಿಮ್ಮ ಬೆನ್ನು ಹತ್ತುತ್ತದೆ. ಆಮೇಲೆ ಮನಃಶಾಸ್ತ್ರ, ಬಯೋಮೆಕ್ಯಾನಿಕ್ಸ್, ರೋಗಶಾಸ್ತ್ರ, ಮೂಳೆ, ನರ, ಮಕ್ಕಳ ಮತ್ತು ಮಾನಸಿಕ ಕಾಯಿಲೆಗಳು ಬರುತ್ತವೆ. ಪ್ರತಿಯೊಂದಕ್ಕೂ ಥೆರಪಿ ಹೇಗೆ ಮಾಡುವುದು ಎಂಬ ಪಾಠ ಇರುತ್ತದೆ. ಕೊನೆಗೆ ಒಂದು ಸಂಶೋಧನಾ ಪ್ರಾಜೆಕ್ಟ್.

ವಿದ್ಯಾರ್ಥಿಗಳಿಗೆ ಇಷ್ಟವಾಗುವ ಕ್ಲಾಸ್ ಸ್ಪ್ಲಿಂಟ್, ಅಂದರೆ ಕೈಗೆ ಆಸರೆ ಕೊಡುವ ಪಟ್ಟಿ ಮಾಡುವುದು. ಭುಜ-ಮೊಣಕೈ ನಡುವಿನ ಮೂಳೆ ಮುರಿದು ನರಕ್ಕೆ ಪೆಟ್ಟಾದರೆ ಮಣಿಕಟ್ಟು ಜೋತುಬೀಳುತ್ತದೆ. ಅದನ್ನು ಎತ್ತಿ ಹಿಡಿಯಲು ಕಾಕ್-ಅಪ್ ಸ್ಪ್ಲಿಂಟ್ ಬೇಕು. ಕೈಯ ಆಕಾರವನ್ನು ಕಾಗದದ ಮೇಲೆ ಬರೆದು, ಥರ್ಮೋಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಬಿಸಿನೀರಿಗೆ ಹಾಕುತ್ತೀರಿ. ಹಾಳೆ ಮೆತ್ತಗಾಗುತ್ತದೆ. ತೆಗೆದು ಟವೆಲಿನಲ್ಲಿ ಒತ್ತಿ, ಮೊದಲು ನಿಮ್ಮ ತೋಳಿಗೇ ತಾಗಿಸಿ ಬಿಸಿ ನೋಡಬೇಕು. ಸ್ಪರ್ಶಜ್ಞಾನ ಇಲ್ಲದ ರೋಗಿಗೆ ಸುಟ್ಟರೂ ಗೊತ್ತಾಗುವುದಿಲ್ಲ. ಆಮೇಲೆ ಕೂಡಲೇ ರೋಗಿಯ ಕೈಗೆ ಕೂರಿಸಿ, ಗಟ್ಟಿಯಾಗುವಷ್ಟು ಹೊತ್ತು ಅಲುಗಾಡದೆ ಹಿಡಿಯಬೇಕು. ಸ್ಪ್ಲಿಂಟಿನ ಮುಂದಿನ ಅಂಚು ಬೆರಳುಗಳ ಕೆಳಗಿರುವ ಅಂಗೈ ಗೆರೆ ದಾಟಬಾರದು. ದಾಟಿದರೆ ಬೆರಳು ಮಡಚಲು ಆಗುವುದಿಲ್ಲ. ಕಿರುಬೆರಳ ಕಡೆ ಮಣಿಕಟ್ಟಿನಲ್ಲಿ ಉಬ್ಬಿದ ಮೂಳೆಗೆ ಒತ್ತಬಾರದು, ಒತ್ತಿದರೆ ಎರಡೇ ದಿನದಲ್ಲಿ ಗಾಯ. ಪರೀಕ್ಷಕರು ಮೊದಲು ನೋಡುವುದೂ ಇವೆರಡನ್ನೇ.

ಪಠ್ಯಪುಸ್ತಕಗಳು ಬಹುಪಾಲು ಅಮೆರಿಕ, ಬ್ರಿಟನ್ನಿನವು. ರೋಗಿ ದಿನನಿತ್ಯದ ಕೆಲಸ ಎಷ್ಟು ತಾನೇ ಮಾಡುತ್ತಾನೆ ಎಂದು ಅಳೆಯಲು ಸ್ಟ್ರೋಕ್‌ನಲ್ಲಿ ಬಳಸುವ ಬಾರ್ಥೆಲ್ ಇಂಡೆಕ್ಸ್ ತಗೊಳ್ಳಿ. ಹತ್ತು ಚಟುವಟಿಕೆ, 100 ಅಂಕ. ಮಂಚದಿಂದ ಕುರ್ಚಿಗೆ ಹೋಗುವುದು, ಮೆಟ್ಟಿಲು ಹತ್ತುವುದು ಎಲ್ಲ ಇದೆ. ನೆಲದ ಮೇಲೆ ಕೂತು ಏಳುವುದು ಇಲ್ಲ. ಕುಕ್ಕರುಗಾಲಲ್ಲಿ ಕೂರುವುದೂ ಇಲ್ಲ. ನೂರಕ್ಕೆ ನೂರು ಬಂದವರು ಹಳ್ಳಿಗೆ ಹೋಗಿ ಶೌಚಾಲಯ ಬಳಸಲಾಗದೆ ಒದ್ದಾಡಬಹುದು. ಒಳ್ಳೆಯ ಮೇಷ್ಟ್ರು ಸಿಕ್ಕರೆ ಈ ಅಂತರವನ್ನು ಮೊದಲ ದಿನವೇ ತೋರಿಸುತ್ತಾರೆ.

ನಾನು ಹತ್ತರವರೆಗೆ ಕನ್ನಡ ಮಾಧ್ಯಮ. ನಿಭಾಯಿಸಬಹುದಾ?

ಖಂಡಿತ. ಮೊದಲ ಆರು ತಿಂಗಳು ಲ್ಯಾಟಿನ್ ಹೆಸರುಗಳು ಹೆದರಿಸುತ್ತವೆ, ಇಂಗ್ಲಿಷ್ ಮಾಧ್ಯಮದವರನ್ನೂ ಹೆದರಿಸುತ್ತವೆ. ಕ್ಲಿನಿಕಲ್ ಶುರುವಾದ ಮೇಲೆ ಆಟ ನಿಮ್ಮದು. ಹಾವೇರಿಯಿಂದ ಬಂದ ರೈತನಿಗೆ ಬೆಳಗ್ಗೆ ಎದ್ದು ಮಲಗುವವರೆಗೆ ಏನೇನು ಮಾಡ್ತೀರಿ ಎಂದು ಕೇಳಿ, ಅವರ ಮಾತಿನಲ್ಲೇ ತಿಳಿದುಕೊಳ್ಳುವುದು ಈ ವೃತ್ತಿಯ ಅರ್ಧ ಭಾಗ. ಎತ್ತಿಗೆ ಮೇವು ಹಾಕಲು ಸೊಂಟ ಎಷ್ಟು ಬಗ್ಗಬೇಕು ಎಂದು ಗೊತ್ತಿರುವವರಿಗೆ ಅದು ಸುಲಭ.

ಮುಗಿದ ಮೇಲೆ ಕೆಲಸ ಎಲ್ಲಿ ಸಿಗುತ್ತೆ?

ಸತ್ಯ ಹೇಳಬೇಕೆಂದರೆ, ಬೆಂಗಳೂರಿನಲ್ಲಿ ಹೊಸಬರಿಗೆ ಬೇಗ ಸಿಗುವ ಕೆಲಸ ಮಕ್ಕಳ ಥೆರಪಿ ಕೇಂದ್ರಗಳಲ್ಲೇ. ಆಟಿಸಂ, ಎಡಿಎಚ್‌ಡಿ, ಸೆರೆಬ್ರಲ್ ಪಾಲ್ಸಿ, ಬರವಣಿಗೆಯ ತೊಂದರೆ ಇರುವ ಮಕ್ಕಳು ಬರುತ್ತಾರೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು. 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿ ಆಟಿಸಂ, ಕಲಿಕಾ ತೊಂದರೆಗಳನ್ನೂ ಸೇರಿಸಿತು. ಅಪ್ಪ-ಅಮ್ಮಂದಿರಿಗೂ ಶಾಲೆಗಳಿಗೂ ಈಗ ಈ ವಿಷಯ ಗೊತ್ತು, ಅದಕ್ಕೇ ಬೇಡಿಕೆ.

ಇಲ್ಲಿ ಒಂದು ಎಚ್ಚರಿಕೆ. ಜೀನ್ ಏರ್ಸ್ ಎಂಬ ಅಮೆರಿಕದ ಥೆರಪಿಸ್ಟ್ ಕಟ್ಟಿದ ಸೆನ್ಸರಿ ಇಂಟಿಗ್ರೇಷನ್ (ಇಂದ್ರಿಯಗಳಿಂದ ಬಂದದ್ದನ್ನು ಮೆದುಳು ಜೋಡಿಸಿಕೊಳ್ಳುವ ಬಗೆ) ಸಿದ್ಧಾಂತದ ಹೆಸರಲ್ಲಿ ಎಲ್ಲ ಕಡೆ ಉಯ್ಯಾಲೆ, ಚೆಂಡಿನ ತೊಟ್ಟಿ ಇಟ್ಟಿರುತ್ತಾರೆ. ಮಗುವನ್ನು ಸುಮ್ನೆ ಉಯ್ಯಾಲೆಯಲ್ಲಿ ತೂಗಿದರೆ ಅದು ಥೆರಪಿ ಆಗುವುದಿಲ್ಲ. ಮೌಲ್ಯಮಾಪನ ಬೇಕು, ಗುರಿ ಬೇಕು, ಮನೆಯಲ್ಲಿ ಏನು ಬದಲಾಯಿತು ಎಂದು ಅಮ್ಮನನ್ನು ಕೇಳುವ ಅಭ್ಯಾಸ ಬೇಕು. ದಿನಕ್ಕೆ ಬೆನ್ನುಬೆನ್ನಿಗೆ ಸೆಷನ್ ಹಾಕಿ, ಟಿಪ್ಪಣಿ ಬರೆಯಲೂ ಬಿಡುವು ಕೊಡದ ಕೇಂದ್ರದಲ್ಲಿ ಹೊಸಬರು ಬೇಗ ಸುಸ್ತಾಗುತ್ತಾರೆ. ಸಂದರ್ಶನದಲ್ಲೇ ಕೇಳಿ: ದಿನಕ್ಕೆ ಎಷ್ಟು ಮಕ್ಕಳು? ನನ್ನ ಮೇಲೆ ಹಿರಿಯ ಥೆರಪಿಸ್ಟ್ ಇರ್ತಾರಾ?

ಮಕ್ಕಳ ಹೊರತಾಗಿಯೂ ದಾರಿಗಳಿವೆ. ದೊಡ್ಡ ಆಸ್ಪತ್ರೆಗಳ ನ್ಯೂರೋ ರಿಹ್ಯಾಬ್‌ನಲ್ಲಿ ಸ್ಟ್ರೋಕ್, ತಲೆಪೆಟ್ಟು, ಬೆನ್ನುಹುರಿ ಪೆಟ್ಟಿನವರು ಇರುತ್ತಾರೆ. ಹ್ಯಾಂಡ್ ಥೆರಪಿ ನಮ್ಮಲ್ಲಿ ಇನ್ನೂ ಬೆಳೆಯಬೇಕಾದ ಕ್ಷೇತ್ರ. ಪೀಣ್ಯದಂಥ ಕಡೆ ಪವರ್ ಪ್ರೆಸ್‌ಗೆ, ಹಳ್ಳಿಗಳಲ್ಲಿ ಕಬ್ಬಿನ ಗಾಣಕ್ಕೆ ಕೈ ಕೊಟ್ಟವರಿಗೆ ಆಪರೇಷನ್ ಸಿಗುತ್ತದೆ, ಆಮೇಲಿನ ಥೆರಪಿ ಸಿಗುವುದು ಕಡಿಮೆ. ಸುಟ್ಟಗಾಯ, ಕ್ಯಾನ್ಸರ್, ವೃದ್ಧಾಶ್ರಮ, ಐಟಿ ಕಂಪನಿಗಳ ಎರ್ಗೊನಾಮಿಕ್ಸ್ (ಕೂರುವ, ಕೆಲಸ ಮಾಡುವ ವ್ಯವಸ್ಥೆಯನ್ನು ದೇಹಕ್ಕೆ ಹೊಂದಿಸುವುದು) ಇವೆ. ಬೆಂಗಳೂರಿನಲ್ಲಿ ಅಂಗವಿಕಲರಿಗಾಗಿ ಕೆಲಸ ಮಾಡುವ ಎಪಿಡಿ, ಸ್ಪಾಸ್ಟಿಕ್ಸ್ ಸೊಸೈಟಿ, ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳಿವೆ. ಸಮುದಾಯದ ಕೆಲಸ ಇಷ್ಟವಿದ್ದವರು ಅತ್ತ ನೋಡಬಹುದು.

ಮನೋರೋಗದ ಕಡೆ ಹೋಗುವವರು ತೀರಾ ಕಡಿಮೆ. ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ಬೇಕರಿ, ಟೈಲರಿಂಗ್‌ನಂಥ ಕೆಲಸಗಳನ್ನು ರೋಗಿಗಳಿಗೆ ಕಲಿಸುತ್ತಾರೆ. ಸ್ಕಿಜೋಫ್ರೀನಿಯಾದಿಂದ ವರ್ಷಗಟ್ಟಲೆ ಮನೆಯಲ್ಲೇ ಕೂತ ಹುಡುಗನೊಬ್ಬ ಸಮಯಕ್ಕೆ ಎದ್ದು, ಸ್ನಾನ ಮಾಡಿ, ಬಸ್ಸು ಹಿಡಿದು ಬಂದು ನಾಲ್ಕು ಗಂಟೆ ಕೆಲಸ ಮಾಡಿದ ಎಂದರೆ ಅದು ಔಷಧಿಯೊಂದರಿಂದ ಆಗುವ ಮಾತಲ್ಲ. ನಮ್ಮನ್ನು ಕೇಳಿದರೆ ಈ ವೃತ್ತಿಯ ಅತ್ಯಂತ ಕುತೂಹಲದ ಕೆಲಸ ಇದೇ.

ಸಂಬಳ ಎಷ್ಟು?

ಶುರುವಿನಲ್ಲಿ ಖಾಸಗಿಯಲ್ಲಿ ಕಡಿಮೆಯೇ. ಎಂಜಿನಿಯರಿಂಗ್ ಮುಗಿಸಿ ಒಳ್ಳೆಯ ಕಂಪನಿ ಸೇರಿದ ಗೆಳೆಯನ ಜೊತೆ ಹೋಲಿಸಿದರೆ ಬೇಜಾರಾಗುತ್ತದೆ. ಮೂರು ನಾಲ್ಕು ವರ್ಷ ಅನುಭವವಾದ ಮೇಲೆ ಮನೆಗೆ ಹೋಗಿ ಥೆರಪಿ ಕೊಡುವವರು, ಸ್ವಂತ ಕೇಂದ್ರ ತೆರೆಯುವವರು ಚೆನ್ನಾಗಿ ದುಡಿಯುತ್ತಾರೆ. ಅದಕ್ಕೆ ಬೇಕಾದದ್ದು ಜನರ ನಂಬಿಕೆ, ಅದು ಬರಲು ಸಮಯ ಹಿಡಿಯುತ್ತದೆ. ಸಾಲ ಮಾಡಿ ಓದುವವರು ಕಂತಿನ ಲೆಕ್ಕವನ್ನು ಮೊದಲ ಎರಡು ವರ್ಷದ ಸಂಬಳದ ಮೇಲೆ ಹಾಕಿ, ಹತ್ತನೇ ವರ್ಷದ ಆದಾಯದ ಮೇಲಲ್ಲ.

ಸರ್ಕಾರಿ ಕೆಲಸ?

ಇದೆ, ಹುದ್ದೆಗಳು ಕಡಿಮೆ. ಏಮ್ಸ್, ರಾಷ್ಟ್ರೀಯ ಸಂಸ್ಥೆಗಳು, ರೈಲ್ವೆ, ಇಎಸ್‌ಐ ಆಸ್ಪತ್ರೆಗಳ ಅಧಿಸೂಚನೆ ನೋಡುತ್ತಿರಬೇಕು. ಕೇಂದ್ರದ ಹುದ್ದೆಗಳಲ್ಲಿ ಸಾಮಾನ್ಯವಾಗಿ 7ನೇ ವೇತನ ಆಯೋಗದ ಲೆವೆಲ್ 6, ಅಂದರೆ ₹35,400 ಮೂಲ ವೇತನದಿಂದ ಶುರು. ಭತ್ಯೆಗಳು ಬೇರೆ.

ಆರ್‌ಸಿಐ ನಂಬರ್ ಬೇಕಾ?

ಬೇಡ. ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು ವಿಶೇಷ ಶಿಕ್ಷಕರು, ಸ್ಪೀಚ್ ಥೆರಪಿಸ್ಟ್‌ಗಳಂಥವರನ್ನು ನೋಂದಾಯಿಸುತ್ತದೆ, ಆಕ್ಯುಪೇಷನಲ್ ಥೆರಪಿಸ್ಟ್‌ಗಳು ಅದರ ಪಟ್ಟಿಯಲ್ಲಿಲ್ಲ. ನಮ್ಮದು 2021ರ ಕಾಯ್ದೆಯ ಆಯೋಗ ಮತ್ತು ರಾಜ್ಯ ಪರಿಷತ್ತುಗಳ ವ್ಯಾಪ್ತಿ. ಕೆಲವು ಶಾಲೆಗಳು ಇನ್ನೂ ಆರ್‌ಸಿಐ ನಂಬರ್ ಕೇಳುತ್ತವೆ. ಸಮಾಧಾನವಾಗಿ ವಿವರಿಸಿ.

ವಿದೇಶಕ್ಕೆ ಹೋಗಬಹುದಾ?

ಹೋಗಬಹುದು, ತುಂಬಾ ಜನ ಹೋಗಿದ್ದಾರೆ. ಬ್ರಿಟನ್ನಿನಲ್ಲಿ ಅಲ್ಲಿನ ಆರೋಗ್ಯ ವೃತ್ತಿಗಳ ಪರಿಷತ್ತಾದ ಎಚ್‌ಸಿಪಿಸಿಯಲ್ಲಿ ನೋಂದಣಿ ಬೇಕು. ಐಇಎಲ್‌ಟಿಎಸ್‌ನಲ್ಲಿ ಒಟ್ಟು 7, ಯಾವ ಭಾಗದಲ್ಲೂ 6.5ಕ್ಕಿಂತ ಕಡಿಮೆ ಇರಬಾರದು. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಹೊಸಬರು ಬ್ಯಾಂಡ್ 5 ಎಂಬ ವೇತನ ಶ್ರೇಣಿಯಿಂದ ಶುರು ಮಾಡುತ್ತಾರೆ. ಕೊಲ್ಲಿ ದೇಶಗಳಿಗೆ ಪ್ರಮಾಣಪತ್ರಗಳ ಡೇಟಾಫ್ಲೋ ಪರಿಶೀಲನೆ, ಆಮೇಲೆ ಕಂಪ್ಯೂಟರಿನಲ್ಲಿ ಬರೆಯುವ ಪ್ರೊಮೆಟ್ರಿಕ್ ಪರೀಕ್ಷೆ. ಕೆನಡಾ, ಆಸ್ಟ್ರೇಲಿಯಾಗಳಲ್ಲಿ ನಿಮ್ಮ ಓದು ಅವರ ಓದಿಗೆ ಸಮವೇ ಎಂದು ಮೊದಲು ಅಳೆಯುತ್ತಾರೆ.

ಅಮೆರಿಕ ಕಷ್ಟ. ಅಲ್ಲಿ ವೃತ್ತಿಗೆ ಬರಲು ಮಾಸ್ಟರ್ಸ್ ಅಥವಾ ಡಾಕ್ಟರೇಟ್ ಬೇಕು, ಬರೀ ಬಿಒಟಿ ಸಾಕಾಗುವುದು ಅಪರೂಪ. ಅಲ್ಲಿನ ಪ್ರಮಾಣೀಕರಣ ಮಂಡಳಿಯಾದ ಎನ್‌ಬಿಸಿಒಟಿ ನಿಮ್ಮ ಅರ್ಹತೆ ನೋಡಿ, ಆಮೇಲೆ ಪರೀಕ್ಷೆ, ಆಮೇಲೆ ರಾಜ್ಯದ ಲೈಸೆನ್ಸ್. ಎಲ್ಲ ದೇಶಗಳಿಗೂ ಬೇಕಾಗುವ ಒಂದು ವಸ್ತುವಿದೆ: ಯಾವ ವಿಭಾಗದಲ್ಲಿ ಎಷ್ಟು ಗಂಟೆ ಕ್ಲಿನಿಕಲ್ ಮಾಡಿದಿರಿ ಎಂಬ ದಾಖಲೆ. ಲಾಗ್‌ಬುಕ್‌ಗೆ ಆಯಾ ವಾರವೇ ಸಹಿ ಮಾಡಿಸಿಕೊಳ್ಳಿ. ಆರು ವರ್ಷವಾದ ಮೇಲೆ ಹಳೆಯ ಎಚ್‌ಒಡಿಯವರನ್ನು ಹುಡುಕಿಕೊಂಡು ಹೋಗುವ ಪಾಡು ಬೇಡ.

ಎಂಒಟಿ ತಕ್ಷಣ ಮಾಡಬೇಕಾ?

ಪಾಠ ಮಾಡುವ ಆಸೆ ಇದ್ದರೆ ಬೇಕೇ ಬೇಕು. ಇಲ್ಲದಿದ್ದರೆ ಒಂದೆರಡು ವರ್ಷ ಕೆಲಸ ಮಾಡಿ, ಮಕ್ಕಳೋ, ನರರೋಗವೋ, ಕೈಯೋ, ಮನೋರೋಗವೋ ಎಂದು ಗೊತ್ತಾದ ಮೇಲೆ ಸೇರಿ. ಎರಡು ವರ್ಷದ ಕೋರ್ಸು. ಆರಿಸಿಕೊಂಡ ವಿಭಾಗವೇ ಮುಂದೆ ನಿಮ್ಮ ಹೆಸರಾಗುತ್ತದೆ.

ಈ ಕೆಲಸ ನನಗೆ ಆಗಿಬರುತ್ತಾ ಅಂತ ಮೊದಲೇ ತಿಳಿಯೋದು ಹೇಗೆ?

ಹತ್ತಿರದ ಪುನರ್ವಸತಿ ಕೇಂದ್ರಕ್ಕೋ ವಿಶೇಷ ಶಾಲೆಗೋ ಹೋಗಿ, ಒಂದು ವಾರ ಸಹಾಯಕ್ಕೆ ಬರಲಾ ಎಂದು ಕೇಳಿ. ಬಹಳ ಕಡೆ ಒಪ್ಪುತ್ತಾರೆ. ಅಲ್ಲಿ ಒಂದು ಮಗು ಗುಂಡಿ ಹಾಕಿಕೊಳ್ಳಲು ಇಪ್ಪತ್ತು ನಿಮಿಷ ತಗೊಳ್ಳುತ್ತದೆ. ಆ ಇಪ್ಪತ್ತು ನಿಮಿಷ ನಿಮ್ಮ ಕೈ ತಡೆದುಕೊಂಡು ಕೂರಲು ಆಯಿತಾ, ಗುಂಡಿ ಎಲ್ಲಿ ಜಾರುತ್ತಿದೆ ಎಂದು ನೋಡಬೇಕು ಎನಿಸಿತಾ? ಹಾಗಿದ್ದರೆ ಅರ್ಜಿ ಹಾಕಿ. ಮೂರನೇ ನಿಮಿಷಕ್ಕೆ ನೀವೇ ಗುಂಡಿ ಹಾಕಿಬಿಟ್ಟಿದ್ದರೆ ಬೇರೆ ಕೋರ್ಸುಗಳೂ ಬೇಕಾದಷ್ಟಿವೆ.